ಎಕೋ ಗಿಕೋ: ಒಂದು ಶಬ್ದಮೀಮಾಂಸೆ

1. ಅರ್ಥವ್ಯಾಪ್ತಿ ಪ್ರಕರಣ

‘ಎಕೋ’ ಎಂಬುದು ದಕ್ಷಿಣ ಬೆಂಗಳೂರಿನ ಅರೆಕೆರೆಯಲ್ಲಿ ದಿನಬಳಕೆಯಲ್ಲಿರುವ ನಾಮಪದ. ಸಂದರ್ಭಾನುಸಾರ ಇದು ದನಿಯನ್ನೂ ಹೃದಯವನ್ನೂ ಗಣಪತಿಯನ್ನೂ ಸೂಚಿಸುತ್ತದೆ. ಮೂಲಾರ್ಥದಲ್ಲಿ ಇದು ಗೋಡೆಗೋ ಬೆಟ್ಟಕ್ಕೋ ತಾಗಿ ಹಿಂದಿರುಗಿ ಬಂದ ಶಬ್ದ. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ, ಅಲ್ಲಿಂದ ಬನ್ನೇರುಘಟ್ಟ ರಸ್ತೆಗೆ ಪದ ಬಂದು ಸೇರಿದೆ. ಗ್ರೀಕರ ಪುರಾಣದಲ್ಲಿ ಎಕೋ ಒಬ್ಬ ವನದೇವತೆ, ಬಲು ಮಾತುಗಾತಿ. ಹೇರಾ ದೇವಿಯನ್ನು ಬೇಕೆಂದೇ ಮಾತಿನಲ್ಲಿ ತಡೆದು ನಿಲ್ಲಿಸಿದ ತಪ್ಪಿಗೆ ಸ್ವಂತ ಮಾತು ಕಳೆದುಕೊಂಡಳು. ಬೇರೆಯವರು ಆಡಿದ ಮಾತಿನ ಬಾಲವನ್ನಷ್ಟೇ ಮರಳಿ ನುಡಿಯುವ ಶಾಪ ಹೊತ್ತಳು. ರೋಮಿನ ಕವಿ ಓವಿಡ್ ತನ್ನ ‘ಮೆಟಮಾರ್ಫಸೀಸ್’ ಕಾವ್ಯದಲ್ಲಿ ಈ ಕಥೆ ಹೇಳಿದ್ದಾನೆ. ಬಾಲ ಮಾತ್ರ ಮರಳುತ್ತದೆ ಎಂಬ ಅಂಶ ಮುಂದೆ ಸ್ಥಳನಾಮ ಪ್ರಕರಣದಲ್ಲಿ ಕೆಲಸಕ್ಕೆ ಬರುವುದರಿಂದ ಅದನ್ನು ನೆನಪಿಡತಕ್ಕದ್ದು.

ಅರೆಕೆರೆಯಲ್ಲಿ ಈ ಪದಕ್ಕೆ ಐದು ಅರ್ಥಗಳು ರೂಢಿಯಲ್ಲಿವೆ.

ಮೊದಲನೆಯದು ವೈದ್ಯ ಎಕೋ. ‘ಇಸಿಜಿ ಆಯ್ತು, ಎಕೋ ಬರೆದಿದ್ದಾರೆ’ ಎಂಬುದು ಪ್ರಯೋಗ. ಮಾತಿನ ಮಟ್ಟಿಗೆ ಇದು ಭಯಸೂಚಕ, ಶಾಸ್ತ್ರದ ಮಟ್ಟಿಗೆ ಅತ್ಯಂತ ಶುದ್ಧ. ಕಿವಿಗೆ ಕೇಳದಷ್ಟು ಹೆಚ್ಚು ಆವರ್ತನದ ಶಬ್ದದ ಅಲೆಗಳನ್ನು ಎದೆಯೊಳಕ್ಕೆ ಕಳಿಸಿ, ಹೃದಯದ ಗೋಡೆಗೆ ತಾಗಿ ಮರಳುವ ಅಲೆಗಳಿಂದ ಚಿತ್ರ ಬರೆಯುವ ಈ ವಿಧಾನವನ್ನು ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ 1953ರಲ್ಲಿ ಆರಂಭಿಸಿದರು. ಅರೆಕೆರೆಯಿಂದ ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಜಯದೇವ ಹೃದ್ರೋಗ ಸಂಸ್ಥೆ ಸಿಗುವುದರಿಂದ ಈ ಅರ್ಥ ಊರಿನಲ್ಲಿ ಗಟ್ಟಿಯಾಗಿ ಬೇರೂರಿದೆ.

ಎರಡನೆಯದು ಭಾದ್ರಪದ ಎಕೋ. ‘ಎಕೋ ಗಣಪ ಸಿಗುತ್ತೆ’ ಎಂಬ ಬ್ಯಾನರಿನಲ್ಲಿ ಕಾಣುವ ಇದು ಪರಿಸರಕ್ಕೆ ಸಂಬಂಧಿಸಿದ ಬೇರೊಂದು ಇಂಗ್ಲಿಷ್ ಪದ. ಕನ್ನಡ ಲಿಪಿಗೆ ಬರುವಷ್ಟರಲ್ಲಿ ಎರಡೂ ಒಂದೇ ಆಗಿವೆ. ಇವನು ಮಣ್ಣಿನ ಗಣಪ, ನೀರಿಗೆ ಬಿಟ್ಟರೆ ಕರಗುವವನು ಎಂದು ಭಕ್ತರು ತಿಳಿಯುತ್ತಾರೆ. ಪ್ರತಿವರ್ಷ ಹೋಗಿ ಪ್ರತಿವರ್ಷ ಮರಳಿ ಬರುವವನು ಎಂಬ ಕಾರಣದಿಂದ ಮೊದಲ ಅರ್ಥವೂ ಇಲ್ಲಿ ಹೊಂದುತ್ತದೆ ಎಂದು ಒಂದು ಪಕ್ಷ.

ಮೂರನೆಯದು ಮೈಕಿನ ಎಕೋ. ಅದೇ ಗಣಪನ ಪೆಂಡಾಲಿನಲ್ಲೂ ನವೆಂಬರಿನ ರಾಜ್ಯೋತ್ಸವದ ವೇದಿಕೆಯಲ್ಲೂ ಭಾಷಣಕ್ಕೆ ನಿಂತವರು ಸೌಂಡ್ ಸಿಸ್ಟಂ ಹುಡುಗನ ಕಡೆ ತಿರುಗಿ ‘ಸ್ವಲ್ಪ ಎಕೋ ಕೊಡಪ್ಪಾ’ ಎನ್ನುವುದುಂಟು. ಇಲ್ಲಿ ಎಕೋ ಎಂದರೆ ಉಪ್ಪಿನಂತೆ ಬೇಕಾದಷ್ಟು ಹಾಕಬಹುದಾದ ದ್ರವ್ಯ. ಹೆಚ್ಚಾದರೆ ‘ಬಂಧುಗಳೇ’ ಎಂಬುದು ‘ಬಂಧುಗಳೇ ಗಳೇ ಗಳೇ’ ಆಗಿ, ಬಂಧುಗಳ ಸಂಖ್ಯೆ ಮೂರು ಪಟ್ಟು ಕೇಳಿಸುತ್ತದೆ. ಭಾಷಣಕಾರರು ಇದಕ್ಕೆ ಆಕ್ಷೇಪ ಎತ್ತಿದ ಉದಾಹರಣೆ ಇಲ್ಲ.

ನಾಲ್ಕನೆಯದು ಮೀಟಿಂಗಿನ ಎಕೋ. ‘ಎಕೋ ಹೊಡೀತಿದೆ, ಯಾರೋ ಮ್ಯೂಟ್ ಮಾಡಿಲ್ಲ’ ಎಂದು ಮನೆಯಿಂದಲೇ ಕೆಲಸ ಮಾಡುವವರು ದಿನಕ್ಕೊಮ್ಮೆಯಾದರೂ ಉಚ್ಚರಿಸುವ ವಾಕ್ಯದಲ್ಲಿದೆ. ಇದು ಅಪರಾಧಸೂಚಕ. ಅಪರಾಧಿ ಯಾರೆಂದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಐದನೆಯದು ಡಬ್ಬಿ ಎಕೋ. ಹೇಳಿದ ಹಾಡು ಹಾಕುವ, ಕೇಳಿದ ಹವಾಮಾನ ಹೇಳುವ ಈ ಧ್ವನಿವರ್ಧಕಕ್ಕೆ ಅಂಗಡಿಯ ಹೆಸರು ಎಕೋ, ಮನೆಯಲ್ಲಿ ಕರೆಯುವ ಹೆಸರು ಅಲೆಕ್ಸಾ. ಹೇಳಿದ್ದನ್ನು ಹೇಳಿದಂತೆ ಮರಳಿ ಹೇಳದೆ ಎದುರುತ್ತರ ಕೊಡುವುದರಿಂದ ಇದಕ್ಕೆ ಈ ಹೆಸರು ಒಪ್ಪುವುದಿಲ್ಲ.

ಇಟಲಿಯ ಸಂಕೇತವಿಜ್ಞಾನಿ ಉಂಬರ್ಟೊ ಎಕೋ (1932–2016) ಅರೆಕೆರೆಯಲ್ಲಿ ಬಳಕೆಯಲ್ಲಿಲ್ಲ.

2. ಪರ್ಯಾಯಪದ ಪ್ರಕರಣ

ಕನ್ನಡದಲ್ಲಿ ಮೂಲಾರ್ಥಕ್ಕೆ ಸಲ್ಲುವ ಪದಗಳು ಪ್ರತಿಧ್ವನಿ, ಪ್ರತಿನಾದ, ಮರುದನಿ, ಮಾರ್ದನಿ. ಹತ್ತಿರದ ನೆಂಟ ಅನುರಣನ. ದೂರದ ನೆಂಟರು ಗಿಳಿಪಾಠ, ಹೂಂಗುಟ್ಟುವಿಕೆ, ಹೌದಪ್ಪತನ.

ಪ್ರತಿಧ್ವನಿ ಶಾಲೆಯ ಪಠ್ಯಕ್ಕೂ ಪತ್ರಿಕೆಯ ತಲೆಬರಹಕ್ಕೂ ಸೇರಿದ್ದು. ‘ಸದನದಲ್ಲಿ ಪ್ರತಿಧ್ವನಿಸಿದ ಕಸದ ಸಮಸ್ಯೆ’ ಎಂಬ ಬಗೆಯ ಪ್ರಯೋಗವನ್ನು ಅಲಂಕಾರವೆಂದು ತಿಳಿಯುವುದು ತಪ್ಪು. ಸಮಸ್ಯೆ ಬೆಂಗಳೂರಿನ ಬೀದಿಯಿಂದ ಹೊರಟು, ಸದನದ ಗೋಡೆಗೆ ತಾಗಿ, ಯಾವ ಬದಲಾವಣೆಯೂ ಇಲ್ಲದೆ ಅದೇ ಬೀದಿಗೆ ಮರಳಿತು ಎಂಬ ಭೌತಶಾಸ್ತ್ರದ ಅರ್ಥದಲ್ಲೇ ಆ ಪ್ರಯೋಗ ಸಾಧು.

ಮಾರ್ದನಿಯ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿದೆ, ಅರೆಕೆರೆಗೆ ಇಲ್ಲ. ಮಾರುತ್ತರ, ಮಾರ್ನುಡಿ ಎಂಬಲ್ಲಿರುವ ‘ಮಾರು’ ಇದು, ಎದುರು ಎಂದು ಅರ್ಥ, ಎಂಬುದು ವ್ಯಾಕರಣ. ಆದರೆ ಬೆಳಗ್ಗೆ ಎಂಟರ ಹೊತ್ತಿಗೆ ಇಲ್ಲಿನ ಅಡ್ಡರಸ್ತೆಯಲ್ಲಿ ನಿಂತವರಿಗೆ ಬೇರೊಂದು ವ್ಯುತ್ಪತ್ತಿ ತಾನಾಗಿ ಹೊಳೆಯುತ್ತದೆ. ತರಕಾರಿ ಗಾಡಿಯವನು ಒಂದೇ ಒಂದು ಸಲ ಟೊಮ್ಯಾಟೊ, ಈರುಳ್ಳಿ, ಆಲೂಗಡ್ಡೆ, ಕೊತ್ತಂಬರಿ ಎಂದು ಕೂಗಿ ರೆಕಾರ್ಡ್ ಮಾಡಿಕೊಂಡಿರುತ್ತಾನೆ. ಆಮೇಲೆ ಅವನ ಬಾಯಿ ಎಲೆಯಡಿಕೆಗೆ ಮೀಸಲು. ಗಾಡಿಯ ಮೇಲಿನ ಡಬ್ಬಿ ಆ ಕೂಗನ್ನು ಮಧ್ಯಾಹ್ನದವರೆಗೆ ಬೀದಿಬೀದಿಗೆ ಹಂಚುತ್ತದೆ. ಕೊತ್ತಂಬರಿ ಖಾಲಿಯಾದರೂ ಡಬ್ಬಿಯಲ್ಲಿ ಖಾಲಿಯಾಗುವುದಿಲ್ಲ. ಮಾರುವವನ ದನಿಯೇ ಮಾರ್ದನಿ, ಅದು ಮತ್ತೆ ಮತ್ತೆ ಕೇಳುವುದು ಅದರ ಸಹಜ ಗುಣ ಎಂದು ಅರೆಕೆರೆಯ ಪಕ್ಷ. ಎರಡು ಕೈ ಚಾಚಿದ ಉದ್ದಕ್ಕೂ ‘ಮಾರು’ ಎಂಬ ಹೆಸರಿದೆ. ಆದ್ದರಿಂದ ಒಂದು ಮಾರು ದೂರಕ್ಕೆ ಕೇಳುವ ದನಿ ಮಾರ್ದನಿ ಎಂಬುದು ಹೂವಾಡಗಿತ್ತಿಯರ ಪಕ್ಷ. ಅವರ ಅಳತೆಯನ್ನು ಯಾರೂ ಪೂರ್ತಿ ನಂಬದೆ ಇರುವುದರಿಂದ ಈ ಪಕ್ಷ ನಿಲ್ಲುವುದಿಲ್ಲ.

ಅನುರಣನ ಪ್ರತಿಧ್ವನಿಯಲ್ಲ. ಮೂಲದ ದನಿ ನಿಂತ ಮೇಲೆ ಬಿಡಿಯಾಗಿ ಕೇಳುವುದು ಪ್ರತಿಧ್ವನಿ. ಮೂಲಕ್ಕೇ ಅಂಟಿಕೊಂಡು ಎಳೆಎಳೆಯಾಗಿ ಆರುವುದು ಅನುರಣನ. ಪಕ್ಕದ ಹುಳಿಮಾವಿನ ಗವಿಗುಡಿಯಲ್ಲಿ ಘಂಟೆ ಬಾರಿಸಿದಾಗ ಕಲ್ಲಿನ ನಡುವೆ ಉಳಿಯುವುದು ಇದೇ. ಬಾಡಿಗೆಗೆ ನೋಡಲು ಹೋದ ಖಾಲಿ ಮನೆಯಲ್ಲಿ ‘ಹಾಲ್ ದೊಡ್ಡದಾಗಿದೆ’ ಎಂದು ಕೇಳುವುದೂ ಇದೇ. ಸಾಮಾನು ಬಂದು, ಪರದೆ ಬಂದು, ಸೋಫಾ ಬಂದ ಮೇಲೆ ಆ ದನಿ ಮಾಯವಾಗುತ್ತದೆ, ಹಾಲೂ ಚಿಕ್ಕದಾಗುತ್ತದೆ. ಮೆತ್ತೆಗಳು ದನಿಯನ್ನು ಹೀರುತ್ತವೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್ 1895ರಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ನಾಟಕಶಾಲೆಯ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲು ಮೆತ್ತೆ ಹೊತ್ತೊಯ್ದು ನೋಡುವ ಪದ್ಧತಿ ಬೆಂಗಳೂರಿಗೆ ಇನ್ನೂ ಬಂದಿಲ್ಲ.

3. ಭೌತಿಕ ಲಕ್ಷಣ ಪ್ರಕರಣ

ಎರಡು ಶಬ್ದಗಳು ಬೇರೆ ಬೇರೆ ಎಂದು ಕಿವಿಗೆ ತಿಳಿಯಬೇಕಾದರೆ ಅವುಗಳ ನಡುವೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಅಂತರ ಬೇಕು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಹತ್ತನೇ ಒಂದು ಭಾಗದಲ್ಲಿ 34 ಮೀಟರ್. ಹೋಗಲು ಅರ್ಧ, ಬರಲು ಅರ್ಧ. ಹಾಗಾಗಿ ಗೋಡೆ ಕನಿಷ್ಠ 17 ಮೀಟರ್, ಅಂದರೆ ಸುಮಾರು 56 ಅಡಿ ದೂರವಿರಬೇಕು.

ಇದರ ಸಾಮಾಜಿಕ ಪರಿಣಾಮ ಗಂಭೀರ. ಬೆಂಗಳೂರಿನ ಮಧ್ಯಮವರ್ಗದ ಸೈಟು 30×40. ಉದ್ದಕ್ಕೆ ನಿಂತು ಕೂಗಿದರೂ 16 ಅಡಿ ಕಡಿಮೆ. ಮೂಲೆಯಿಂದ ಮೂಲೆಗೆ ಕೂಗಿದರೆ ಪೈಥಾಗೊರಸನ ಪ್ರಮೇಯದಂತೆ ಸರಿಯಾಗಿ 50 ಅಡಿ, ಆಗಲೂ 6 ಅಡಿ ಕಡಿಮೆ. ಆದುದರಿಂದ 30×40 ಸೈಟಿನ ಮಾಲೀಕನಿಗೆ ಬಾವಿ ಇರಬಹುದು, ಸಂಪು ಇರಬಹುದು, ಖಾತೆ ಇರಬಹುದು. ಸ್ವಂತ ಪ್ರತಿಧ್ವನಿ ಇರಲಾರದು. 60×40 ಸೈಟಿನವನಿಗೆ ಉದ್ದದ ಕಡೆಯಿಂದ 4 ಅಡಿ ಮಿಗುತ್ತದೆ. ‘ಅವರ ಮಾತಿಗೆ ತೂಕ ಇದೆ’ ಎಂದು ಬಡಾವಣೆಯ ಸಂಘದಲ್ಲಿ ಹೇಳುವುದಕ್ಕೆ ಭೌತಶಾಸ್ತ್ರದ ಆಧಾರ ಇದು.

ಕರ್ನಾಟಕದಲ್ಲಿ ಪ್ರತಿಧ್ವನಿಯ ರಾಜಧಾನಿ ವಿಜಯಪುರದ ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಕೆಳಗಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆ ಕೂಗಿದರೆ ಏಳು ಬಾರಿ ಕೇಳುತ್ತದೆ ಎಂಬುದು ಪ್ರಸಿದ್ಧಿ. ಶಾಲಾ ಪ್ರವಾಸದ ಮಕ್ಕಳು ಅಲ್ಲಿ ತಂತಮ್ಮ ಹೆಸರನ್ನೇ ಕೂಗುತ್ತಾರೆ. ಗುಮ್ಮಟ ಏಳು ಸಲವೂ ಅದೇ ಹೆಸರನ್ನು ಹೇಳುತ್ತದೆ, ಒಂದಕ್ಷರ ಹೆಚ್ಚಿಸುವುದಿಲ್ಲ, ಒಂದಕ್ಷರ ಬದಲಿಸುವುದಿಲ್ಲ. ಕನ್ನಡಿಗರ ಬಾಯಿಗೂ ಗುಮ್ಮಟಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ಐದನೇ ಪ್ರಕರಣದಲ್ಲಿ ತಿಳಿದುಬರುತ್ತದೆ.

4. ಸ್ಥಳನಾಮ ಪ್ರಕರಣ

ಅರೆಕೆರೆ ಎಂಬ ಹೆಸರಿನ ನಿಷ್ಪತ್ತಿಗೆ ನಾಲ್ಕು ಪಕ್ಷಗಳಿವೆ. ಅರೆ ಎಂದರೆ ಅರ್ಧ, ಆದ್ದರಿಂದ ಅರ್ಧ ಕೆರೆ ಎಂಬುದು ಒಂದನೆಯದು. ಮಿಕ್ಕರ್ಧ ಎಲ್ಲಿ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಯಾವ ಕೆರೆಯ ದಡದಲ್ಲೂ ಕೇಳಬಾರದು. ಅರೆ ಎಂದರೆ ಹಳಗನ್ನಡದಲ್ಲಿ ಬಂಡೆ, ಆದ್ದರಿಂದ ಬಂಡೆಯ ಬಳಿಯ ಕೆರೆ ಎಂಬುದು ಎರಡನೆಯದು. ಕಾಂಕ್ರೀಟಿನ ನಡುವೆ ನೀರು ಕಂಡವರು ‘ಅರೆ! ಕೆರೆ!’ ಎಂದು ಬೆರಗಾದುದರಿಂದ ಈ ಹೆಸರು ಬಂತೆಂಬುದು ಮೂರನೆಯದು. ಇದು ಈಚಿನದು, ಬಹುಶಃ ಫ್ಲ್ಯಾಟ್ ಮಾರುವವರದು.

ನಾಲ್ಕನೆಯದು ಪ್ರತಿಧ್ವನಿ ಪಕ್ಷ. ಬಿಟಿಎಂ ಲೇಔಟಿನ ‘ಬಿ’ ಬೈರಸಂದ್ರ, ‘ಎಂ’ ಮಡಿವಾಳ, ನಡುವಿನ ‘ಟಿ’ ತಾವರೆಕೆರೆ. ಈಗ ಗ್ರೀಕರ ಎಕೋ ದೇವಿಯನ್ನು ನೆನೆಯಬೇಕು. ಆಕೆ ಮರಳಿಸುವುದು ಮಾತಿನ ಬಾಲವನ್ನು ಮಾತ್ರ. ತಾವರೆಕೆರೆಯಲ್ಲಿ ಯಾರೋ ‘ತಾವರೆಕೆರೆ’ ಎಂದು ದಕ್ಷಿಣಕ್ಕೆ ಮುಖ ಮಾಡಿ ಕೂಗಿದರು. ದನಿ ಬಂಡೆಗೆ ತಾಗಿ ಬಾಲವಾಗಿ ಕೇಳಿತು: ‘ಅರೆಕೆರೆ’. ಎರಡನೆಯ ಪಕ್ಷದ ಬಂಡೆಯೂ ಇಲ್ಲಿ ಕೆಲಸಕ್ಕೆ ಬರುವುದರಿಂದ ಈ ಪಕ್ಷಕ್ಕೆ ದುಪ್ಪಟ್ಟು ಬಲ. ಎರಡು ಊರುಗಳ ನಡುವೆ ಐದಾರು ಕಿಲೋಮೀಟರ್. ಶಬ್ದಕ್ಕೆ ಈ ದೂರ ಕ್ರಮಿಸಲು 15ರಿಂದ 17 ಸೆಕೆಂಡು ಸಾಕು. ಸಂಜೆ ಆರರ ಹೊತ್ತಿಗೆ ಕೂಗಿದವನು ಬಸ್ಸು ಹತ್ತಿ ಹೊರಟರೆ, ತನ್ನ ಕೂಗು ಮೊದಲು ತಲುಪಿ ಊರೊಂದಕ್ಕೆ ಹೆಸರಾಗಿ ಜನ ನೆಲೆಸಿರುವುದನ್ನು ನೋಡುತ್ತಾನೆ.

ಪಕ್ಕದ ಮೈಕೋ ಲೇಔಟಿನ ಹೆಸರಿಗೆ ‘ಮೈಕ್ + ಓ’ ಎಂಬ ಸಂಧಿಯನ್ನು ಕೆಲವರು ಹೇಳುವುದಾದರೆ ಅದನ್ನು ಒಪ್ಪಲಾಗದು. ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೊದಲಕ್ಷರಗಳವು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಲೇಔಟು ಬದಲಿಸಿಕೊಳ್ಳಲಿಲ್ಲ. ಮೂಲಕ್ಕೇ ಅಂಟಿಕೊಂಡು, ಮೂಲ ನಿಂತ ಮೇಲೂ ಆರದೆ ಉಳಿದಿರುವ ದನಿ ಎಂಬ ಲಕ್ಷಣದಿಂದ ಇದನ್ನು ಅನುರಣನ ಎಂದು ವರ್ಗೀಕರಿಸಬೇಕು.

5. ಗಿ-ಕಾರ ಪ್ರಕರಣ

ಶಾಲೆಯ ವ್ಯಾಕರಣದಲ್ಲಿ ಮರುಕಳಿಸುವ ನುಡಿಗಳು ಮೂರು ಬಗೆ. ‘ಬೇಗ ಬೇಗ’, ‘ಕಟ್ಟಕಡೆ’ ಎಂಬುವು ದ್ವಿರುಕ್ತಿ. ‘ಬಟ್ಟೆಬರೆ’, ‘ಸಾಲಸೋಲ’, ‘ಮಕ್ಕಳುಮರಿ’ ಎಂಬುವು ಜೋಡುನುಡಿ. ‘ಚಟಚಟ’, ‘ದಬದಬ’ ಎಂಬುವು ಅನುಕರಣಾವ್ಯಯ. ಬಿಎಂಟಿಸಿ ಬಸ್ಸಿನ ‘ರೈಟ್ ರೈಟ್’ ದ್ವಿರುಕ್ತಿಗೆ ಸೇರುತ್ತದೆ. ಒಂದೇ ‘ರೈಟ್’ ಕೇಳಿ ಬಸ್ಸು ಹೊರಟ ದಾಖಲೆ ಇಲ್ಲ. ಆದರೆ ಕನ್ನಡಿಗರು ಎದ್ದಾಗಿನಿಂದ ಮಲಗುವವರೆಗೆ ಬಳಸುವ ನಾಲ್ಕನೇ ಬಗೆಯೊಂದಿದೆ. ಭಾಷಾವಿಜ್ಞಾನಿಗಳು ಅದನ್ನು ಪ್ರತಿಧ್ವನಿ ಪದ ಎನ್ನುತ್ತಾರೆ. ಅದರ ಲಕ್ಷಣ ಹೀಗಿದೆ.

ಸೂತ್ರ: ಮೊದಲಕ್ಷರಕ್ಕೆ ಗಿ, ದೀರ್ಘವಾದರೆ ಗೀ, ಉಳಿದದ್ದು ಇದ್ದಂತೆ.

ವೃತ್ತಿ: ಯಾವುದೇ ಪದದ ಮೊದಲ ಅಕ್ಷರವನ್ನು ತೆಗೆದು ಅಲ್ಲಿ ‘ಗಿ’ ಎಂದು ಇಟ್ಟು, ಮೂಲದ ಬೆನ್ನಿಗೇ ಹೇಳುವುದು. ಮೂಲದಲ್ಲಿ ದೀರ್ಘವಿದ್ದರೆ ‘ಗೀ’. ಪದ ಸಂಸ್ಕೃತವೋ, ದೇಶ್ಯವೋ, ಇಂಗ್ಲಿಷೋ ಎಂಬ ಭೇದವಿಲ್ಲ.

ಪ್ರಯೋಗ: ಮನೆ ಗಿನೆ, ಇಡ್ಲಿ ಗಿಡ್ಲಿ, ಊಟ ಗೀಟ, ದೇವರು ಗೀವರು, ಪುಸ್ತಕ ಗಿಸ್ತಕ, ಆಫೀಸು ಗೀಫೀಸು, ಓಟಿಪಿ ಗೀಟಿಪಿ.

ವಿಭಕ್ತಿ ಹತ್ತಿದರೂ ಗಿ-ಕಾರ ಅಂಜುವುದಿಲ್ಲ. ‘ಬಾಗಿಲಿಗೆ ಗೀಗಿಲಿಗೆ’ ಎಂದೂ ಹೇಳಬಹುದು, ‘ಬಾಗಿಲು ಗೀಗಿಲಿಗೆ’ ಎಂದೂ ಹೇಳಬಹುದು. ಇಡೀ ವಾಕ್ಯಕ್ಕೂ ಅದು ಹಬ್ಬಬಲ್ಲದು: ‘ಬಾಗಿಲು ಹಾಕಿದೆ ಗೀಗಿಲು ಹಾಕಿದೆ ಅಂತ ಕಥೆ ಹೇಳಬೇಡ.’ ಗಿ-ಕಾರ ಹೀಗೆ ಪದದ ಒಳಗೂ ಹೊರಗೂ ಆಡುವುದನ್ನು ಕಂಡು ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2001ರಲ್ಲಿ ಕನ್ನಡದ ಪ್ರತಿಧ್ವನಿ ಪದಗಳ ಮೇಲೆಯೇ ಒಂದು ಸಂಶೋಧನ ಲೇಖನ ಪ್ರಕಟಿಸಿದರು. ಪದ ಎಲ್ಲಿ ಮುಗಿಯುತ್ತದೆ, ವಾಕ್ಯ ಎಲ್ಲಿ ಶುರುವಾಗುತ್ತದೆ ಎಂಬ ದೊಡ್ಡ ಪ್ರಶ್ನೆಗೆ ಗೀಗಿಲು ಎಂಬ ಸಣ್ಣ ಬಾಗಿಲಿನಿಂದ ಇಣುಕಿ ನೋಡಲಾಯಿತು.

ಗಿ-ಕಾರದ ಅರ್ಥಗಳು ಐದು.

ಇತ್ಯಾದ್ಯರ್ಥ: ‘ಬರುವಾಗ ಹಾಲು ಗೀಲು ತನ್ನಿ.’ ಗೀಲು ಎಂದರೆ ಮೊಸರು, ಬ್ರೆಡ್ಡು, ಕರಿಬೇವು, ಮರೆತಿದ್ದ ಇನ್ನೊಂದು. ತರದೆ ಬಂದವರು ‘ಗೀಲು ಅಂದ್ರೆ ಏನು ಅಂತ ಹೇಳಲಿಲ್ಲ’ ಎಂದು ವಾದಿಸುವುದು ನಿಷ್ಪ್ರಯೋಜಕ.

ಉಪಚಾರಾರ್ಥ: ‘ಕಾಫಿ ಗೀಫಿ ಆಯ್ತಾ?’ ಬರೀ ‘ಕಾಫಿ ಆಯ್ತಾ?’ ಎಂದರೆ ಅದು ವಿಚಾರಣೆ. ಗೀಫಿ ಸೇರಿದರೆ ಅದು ಅಕ್ಕರೆ. ಗೀಫಿಯನ್ನು ಯಾರೂ ಕುಡಿದಿಲ್ಲ, ಆದರೆ ಅದಿಲ್ಲದ ಕಾಫಿಗೆ ರುಚಿಯಿಲ್ಲ.

ಶಂಕಾರ್ಥ: ‘ಕೆರೆ ಕಡೆ ಸಂಜೆ ಹೋಗಬೇಡಿ, ಹಾವು ಗೀವು ಇದ್ದೀತು.’ ಹಾವು ಒಂದು ಇರಬಹುದು, ಇಲ್ಲದಿರಬಹುದು. ಗೀವು ಮಾತ್ರ ಖಂಡಿತ ಇದೆ ಎಂಬ ಭಾವ ಹುಟ್ಟುತ್ತದೆ. ಕ್ರಿಯಾಪದದಲ್ಲೂ ಈ ಅರ್ಥ ಸಲ್ಲುತ್ತದೆ: ‘ಬಿದ್ದು ಗಿದ್ದೀಯಾ, ಜೋಕೆ!’

ತಿರಸ್ಕಾರಾರ್ಥ: ‘ಮೀಟರ್ ಗೀಟರ್ ಎಲ್ಲಾ ಆಗಲ್ಲ ಸಾರ್.’ ಇಲ್ಲಿ ಗೀಟರ್ ಎಂಬುದರಲ್ಲಿ ದರಪಟ್ಟಿ, ಸಾರಿಗೆ ಇಲಾಖೆ, ಕಾನೂನು ಎಲ್ಲವೂ ಅಡಗಿವೆ. ಎಲ್ಲವನ್ನೂ ಮೂರಕ್ಷರದಲ್ಲಿ ವಜಾ ಮಾಡುವ ಶಕ್ತಿ ಬೇರಾವ ಪ್ರತ್ಯಯಕ್ಕೂ ಇಲ್ಲ.

ಗೌರವಾರ್ಥ: ‘ನೀನು ಗೀನು ಅಂದ್ರೆ ಸರಿ ಇರಲ್ಲ!’ ಅರೆಕೆರೆ ಗೇಟಿನ ಸಿಗ್ನಲ್ಲಿನಲ್ಲಿ ಬೈಕಿನ ಕನ್ನಡಿ ಕಾರಿಗೆ ತಾಗಿದಾಗ ಕೇಳಿಬರುವ ಈ ವಾಕ್ಯ, ಏಕವಚನದ ವಿರುದ್ಧ ಕನ್ನಡಿಗನ ಕೊನೆಯ ಕೋಟೆ. ಮರ್ಯಾದೆ ಕೇಳುವುದಕ್ಕೂ ಗಿ-ಕಾರವೇ ಬೇಕು.

6. ಸಾರ್ಥಕ ಗಿ-ಕಾರ ಪ್ರಕರಣ

ಗಿ-ಕಾರದ ರೂಪಕ್ಕೆ ಸ್ವಂತ ಅರ್ಥವಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಕೆಲವೊಮ್ಮೆ ಅದು ಎಡವಿ ಅರ್ಥದ ಮೇಲೆ ಬೀಳುತ್ತದೆ. ‘ಹುಳಿ ಗಿಳಿ ಏನಾದ್ರೂ ಮಾಡಿದೀಯಾ?’ ಎಂದು ಕೇಳಿದ ಶುದ್ಧ ಸಸ್ಯಾಹಾರಿಯ ಮಾತಿನಲ್ಲಿ ಹಕ್ಕಿಯೊಂದು ಬೇಯುತ್ತದೆ. ‘ಚೇಳು ಗೀಳು’ ಎಂದಲ್ಲಿ ವಿಷದ ಜತೆಗೆ ಹುಚ್ಚೂ ಬರುತ್ತದೆ. ‘ಕಾರು ಗೀರು’ ಎಂಬುದು ಭವಿಷ್ಯವಾಣಿ. ಇಲ್ಲಿನ ಅಡ್ಡರಸ್ತೆಯಲ್ಲಿ ಕಾರು ನಿಲ್ಲಿಸಿದವರಿಗೆ ವಾರದೊಳಗೆ ಎರಡನೇ ಪದದ ಅರ್ಥ ಬಾಗಿಲ ಮೇಲೆ ಉದ್ದಕ್ಕೆ ಬರೆದಿರುತ್ತದೆ. ಹುಳಿಮಾವು ಎಂಬ ಊರಿನ ಗಿ-ಕಾರ ಗಿಳಿಮಾವು. ತೋತಾಪುರಿ ಮಾವಿಗೆ ಗಿಣಿಮೂತಿ ಎಂಬ ಹೆಸರಿರುವಾಗ ಇದನ್ನು ಕೇವಲ ಕಾಕತಾಳೀಯ ಎನ್ನುವಂತಿಲ್ಲ, ಗಿಣಿತಾಳೀಯ ಎನ್ನಬಹುದು.

ಈ ಬಗೆಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಲಿಫ್ಟು. ನಾಲ್ಕನೇ ಮಹಡಿಯ ಮನೆ ನೋಡಲು ಬಂದವರಿಗೂ ದಲ್ಲಾಳಿಗೂ ಮೆಟ್ಟಿಲ ಬುಡದಲ್ಲಿ ನಡೆಯುವ ಸಂವಾದ ಹೀಗಿರುತ್ತದೆ.

‘ಲಿಫ್ಟ್ ಗಿಫ್ಟ್ ಏನಾದ್ರೂ ಇದೆಯೇನ್ರೀ?’

‘ಗಿಫ್ಟ್ ಏನೂ ಬೇಡ ಸಾರ್, ಒಂದು ತಿಂಗಳ ಬಾಡಿಗೆ ಕಮಿಷನ್ ಕೊಟ್ಬಿಡಿ.’

ಇಬ್ಬರೂ ನಾಲ್ಕು ಮಹಡಿ ಹತ್ತಿದ ಮೇಲೆ ಮೊದಲ ಪ್ರಶ್ನೆಗೆ ಉತ್ತರ ತಾನಾಗಿ ಸಿಕ್ಕಿರುತ್ತದೆ.

ಇನ್ನೊಂದು ಕಡೆ ಗಿ-ಕಾರ ಭೇದಗಳನ್ನು ಅಳಿಸಿಹಾಕುತ್ತದೆ. ಹಾಲು ಗೀಲು, ಕಾಲು ಗೀಲು, ಬಾಲು ಗೀಲು, ಕೋಲು ಗೀಲು, ಸ್ಕೂಲು ಗೀಲು. ಮೊದಲ ಪದಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಎರಡನೆಯ ಪದದಲ್ಲಿ ವ್ಯತ್ಯಾಸವೇ ಇಲ್ಲ. ನಾಮರೂಪಗಳು ಹಲವು, ಗೀಲು ಒಂದೇ. ಇದನ್ನು ಗೀಲಾದ್ವೈತ ಎಂದು ಕರೆಯಬಹುದು.

7. ಅಪವಾದ ಪ್ರಕರಣ

‘ಗಿ’ ಅಥವಾ ‘ಗೀ’ ಎಂದೇ ಶುರುವಾಗುವ ಪದಗಳಿಗೆ ಈ ಸೂತ್ರ ಸಲ್ಲುವುದಿಲ್ಲ. ‘ಗಿಡ’ಕ್ಕೆ ಗಿ-ಕಾರ ಮಾಡಿದರೆ ಮತ್ತೆ ‘ಗಿಡ’ವೇ ಬರುತ್ತದೆ, ಗೋಲಗುಮ್ಮಟದ ಗತಿ. ಆಗ ಕನ್ನಡ ಹಳೆಯ ಜೋಡುನುಡಿಗೆ ಮೊರೆಹೋಗುತ್ತದೆ: ಗಿಡಮರ, ಗಿಡಗಂಟಿ. ಆದರೆ ಹೊಸದಾಗಿ ಬಂದ ಪದಕ್ಕೆ ಅಂಥ ಹಳೆಯ ಜತೆಗಾರ ಎಲ್ಲಿಂದ ಬರಬೇಕು? ಗಿಟಾರು ಒಂಟಿ. ಗಿಫ್ಟು ಒಂಟಿ. ಬೆಂಗಳೂರಿನ ಪ್ರತಿ ಬಚ್ಚಲಲ್ಲಿ ನೇತಾಡುವ, ಕನ್ನಡಿಗರು ಗೀಸರ್ ಎನ್ನುವ ನೀರುಕಾಯಿಸುವ ಯಂತ್ರವಂತೂ ಪೂರ್ತಿ ಒಂಟಿ. ‘ಫ್ಯಾನು ಗೀನು ಇದೆ, ಫ್ರಿಜ್ಜು ಗಿಜ್ಜು ಇದೆ, ಗೀಸರ್...’ ಎಂದು ಮನೆ ತೋರಿಸುವವನು ಅಲ್ಲಿಗೆ ಬಂದು ಒಂದು ಕ್ಷಣ ತಡೆಯುವುದನ್ನು ಗಮನಿಸಿದವರು ಬಲ್ಲರು. ಗೀತಾ ಎಂಬ ಹೆಸರಿನವರಿಗೆ ಇದು ವರ. ಅವರನ್ನು ಯಾರೂ ಗಿ-ಕಾರದಿಂದ ತಿರಸ್ಕರಿಸಲಾರರು.

8. ತುಲನಾ ಪ್ರಕರಣ

ಪ್ರತಿಧ್ವನಿ ಪದ ಕನ್ನಡದ ಸ್ವಂತ ಆಸ್ತಿಯಲ್ಲ. ನೀಲಗಿರಿಯ ತೋಡರ ನಡುವೆ ಕೆಲಸ ಮಾಡಿದ ಭಾಷಾವಿಜ್ಞಾನಿ ಎಂ.ಬಿ. ಎಮನೋ 1938ರಲ್ಲಿ ತೋಡ ಭಾಷೆಯ ಪ್ರತಿಧ್ವನಿ ಪದಗಳ ಬಗ್ಗೆ ಬರೆದರು. ಬೇರೆ ಬೇರೆ ಕುಲದ ಭಾಷೆಗಳು ಒಂದೇ ನೆಲದಲ್ಲಿ ಬಹುಕಾಲ ಬಾಳಿ ಒಂದರ ಗುಣ ಇನ್ನೊಂದು ಪಡೆದಿವೆ, ಭಾರತ ಒಂದು ಭಾಷಾಕ್ಷೇತ್ರ ಎಂದು 1956ರಲ್ಲಿ ಅವರು ಪ್ರತಿಪಾದಿಸಿದರು. ಈ ಪ್ರತಿಪಾದನೆಯನ್ನು ಪರೀಕ್ಷಿಸಲು ಅರೆಕೆರೆಯ ಅಪಾರ್ಟ್‌ಮೆಂಟಿನ ಒಂದು ಮಹಡಿ ಸಾಕು. ಒಂದೇ ಹೊತ್ತಿಗೆ ಕನ್ನಡದ ಮನೆಯಲ್ಲಿ ಟೀ ಗೀ, ತೆಲುಗಿನ ಮನೆಯಲ್ಲೂ ಟೀ ಗೀ, ತಮಿಳಿನ ಮನೆಯಲ್ಲಿ ಟೀ ಕೀ, ಹಿಂದಿಯ ಮನೆಯಲ್ಲಿ ಚಾಯ್ ವಾಯ್, ಮರಾಠಿಯ ಮನೆಯಲ್ಲಿ ಚಹಾ ಬಿಹಾ, ಬಂಗಾಳಿಯ ಮನೆಯಲ್ಲಿ ಚಾ ಟಾ ತಯಾರಾಗುತ್ತದೆ. ಎಲೆ ಒಂದೇ, ಹಾಲು ಒಂದೇ, ಪಾತ್ರೆಯಿಂದಾಚೆ ಉಕ್ಕಿದ್ದು ಮಾತ್ರ ಬೇರೆ. ತುರ್ಕಿಯವರು ಇದೇ ಕೆಲಸಕ್ಕೆ ‘ಮ’ ಬಳಸುತ್ತಾರೆ: ಕಿತಾಪ್ ಮಿತಾಪ್. ಅಮೆರಿಕದ ಇಂಗ್ಲಿಷಿಗೆ ಯಿಡ್ಡಿಷ್ ಭಾಷೆಯಿಂದ ‘ಫ್ಯಾನ್ಸಿ ಶ್ಮ್ಯಾನ್ಸಿ’ ಬಂತು. ಅದರಲ್ಲಿ ತಿರಸ್ಕಾರ ಮಾತ್ರವಿದೆ, ಉಪಚಾರವಿಲ್ಲ. ಗೀಫಿ ಕೊಡುವ ಗುಣ ಅದಕ್ಕಿಲ್ಲ.

1972ರ ಹಿಂದಿ ಚಲನಚಿತ್ರ ‘ಸೀತಾ ಔರ್ ಗೀತಾ’ ಇಲ್ಲಿ ವಿಶೇಷ ಪರಿಶೀಲನೆಗೆ ಅರ್ಹ. ಸೂತ್ರದ ಪ್ರಕಾರ ‘ಸೀತಾ’ ಪದದ ಕನ್ನಡ ಗಿ-ಕಾರ ‘ಗೀತಾ’. ಚಿತ್ರದಲ್ಲೂ ಗೀತಾ ಎಂಬುವಳು ಸೀತಾಳ ತದ್ರೂಪಿ. ಇಬ್ಬರನ್ನೂ ಹೇಮಾಮಾಲಿನಿಯವರೇ ಅಭಿನಯಿಸಿದ್ದಾರೆ. ಹಿಂದಿಯ ನಿಯಮದಂತೆ ಅದು ‘ಸೀತಾ ವೀತಾ’ ಆಗಬೇಕಿತ್ತು. ಆದ್ದರಿಂದ ಚಿತ್ರದ ಮೂಲ ಕನ್ನಡ ಎಂಬುದು ಪೂರ್ವಪಕ್ಷ. ನಿರ್ದೇಶಕ ರಮೇಶ್ ಸಿಪ್ಪಿ ‘ಶೋಲೆ’ ಚಿತ್ರಕ್ಕಾಗಿ ರಾಮನಗರದ ಬಂಡೆಗಳ ನಡುವೆ ಬೀಡುಬಿಟ್ಟದ್ದೂ ಇದಕ್ಕೆ ಪೋಷಕ. ಆದರೆ ರಾಮನಗರಕ್ಕೆ ಅವರು ಬಂದದ್ದು ‘ಸೀತಾ ಔರ್ ಗೀತಾ’ ಬಿಡುಗಡೆಯಾದ ಮೇಲೆ. ಕಾರಣಕ್ಕಿಂತ ಕಾರ್ಯ ಮುಂಚೆ ನಡೆದಿರುವುದರಿಂದ ವಾದ ತುಸು ದುರ್ಬಲ. ಮೂಲಕ್ಕಿಂತ ಮೊದಲು ಕೇಳಿಸಿದ ಪ್ರತಿಧ್ವನಿಗೆ ಬೇರೆ ಉದಾಹರಣೆ ಸಿಕ್ಕಿಲ್ಲ.

9. ಸಿದ್ಧಾಂತ ಪ್ರಕರಣ

ನಿಘಂಟುಗಳಲ್ಲಿ ಗಿ-ಕಾರದ ರೂಪಗಳಿಗೆ ಸ್ಥಾನವಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಗಿ-ಕಾರಗಳನ್ನು ಸೇರಿಸಿದ್ದರೆ ಹತ್ತಿರಹತ್ತಿರ 1,40,000 ಆಗುತ್ತಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಹದಿನಾರಾಗುತ್ತಿದ್ದವು. ಕಾಗದ ಉಳಿಸಿದ ಪುಣ್ಯ ನಿಘಂಟುಕಾರರದು. ಅವರಲ್ಲೊಬ್ಬರಾದ, ಜಯನಗರದಲ್ಲಿ ನೆಲೆಸಿದ್ದ ಜಿ. ವೆಂಕಟಸುಬ್ಬಯ್ಯನವರು (1913–2021) ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಯಾವ ಪದ ನಮ್ಮದು, ಯಾವುದು ಎರವಲು ಎಂಬ ಪ್ರಶ್ನೆ ದಕ್ಷಿಣ ಬೆಂಗಳೂರಿಗೆ ಹೊಸದೇನೂ ಅಲ್ಲ.

ಆ ಪ್ರಶ್ನೆಗೆ ಗಿ-ಕಾರ ಸುಲಭದ ಒರೆಗಲ್ಲು ಒದಗಿಸುತ್ತದೆ. ಪರಭಾಷೆಯ ಪದ ಊರಿಗೆ ಬಂದಾಗ ಅದನ್ನು ಎಚ್ಚರದಿಂದ, ಮುರಿಯದಂತೆ ಉಚ್ಚರಿಸುತ್ತಾರೆ, ಅದು ಅತಿಥಿ. ಬಳಸಿ ಬಳಸಿ ಸಲಿಗೆ ಹುಟ್ಟಿ, ಒಂದು ದಿನ ಯಾರೋ ಅಜ್ಜಿ ಅದರ ಮೊದಲಕ್ಷರ ಕಿತ್ತು ‘ಗಿ’ ಹಚ್ಚುತ್ತಾಳೆ; ಅಂದಿನಿಂದ ಅದು ಮನೆಮಗಳು. ಬಸ್ಸು ಗಿಸ್ಸು, ಕಾಫಿ ಗೀಫಿ, ಮೀಟಿಂಗ್ ಗೀಟಿಂಗ್ ಹೀಗೆ ಕನ್ನಡವಾದುವು. ಈ ದೀಕ್ಷೆಗೆ ಸಮಿತಿಯಿಲ್ಲ, ಅರ್ಜಿಯಿಲ್ಲ, ಶುಲ್ಕವಿಲ್ಲ.

‘ಎದೆನೋವು ಅಂದ್ರು, ಎಕೋ ಗಿಕೋ ಎಲ್ಲಾ ಮಾಡಿಸಿದ್ವಿ, ಬರೀ ಗ್ಯಾಸ್ಟ್ರಿಕ್ ಅಂತೆ’ ಎಂಬ ವಾಕ್ಯ ಅರೆಕೆರೆಯಲ್ಲಿ ಯಾರಿಗೂ ವಿಚಿತ್ರವಾಗಿ ಕೇಳುವುದಿಲ್ಲ. ಮರಳಿ ಬರುವ ದನಿಯ ಹೆಸರೇ ಇಲ್ಲಿ ಮರಳಿ ಬರುವಾಗ ಬದಲಾಗಿ ಬಂದಿದೆ. ಆದ್ದರಿಂದ ಎಕೋ ಕನ್ನಡದ ಪದವೆಂದು ನಿರ್ಣಯ. ಗೀಸರ್ ಮಾತ್ರ ಎಷ್ಟೇ ವರ್ಷ ನೀರು ಕಾಯಿಸಿದರೂ ಪರಭಾಷೆಯದೇ.